ನಾಲ್ಕು ಗಂಟೆಯವರೆಗಿನ ಮೌನ

"ಗುರುಗಳೇ, ಇಪ್ಪತ್ತೊಂದು ದಿನ ಮೌನವಾಗಿದ್ದೆ. ಒಂದಕ್ಷರವೂ ಬಾಯಿಂದ ಬೀಳಲಿಲ್ಲ. ಇದರ ಫಲವೇನು?" ಎಂದು ಶಿಷ್ಯ ಕೇಳಿದ.

ಗುರುಗಳು ಫಲದ ಮಾತೆತ್ತಲಿಲ್ಲ. ಕತೆಯೊಂದನ್ನು ಹೇಳಿದರು.

ರೇಡಿಯೊದಲ್ಲಿ ಕಬಡ್ಡಿಯ ವೀಕ್ಷಕ ವಿವರಣೆ ಕೊಡುವವನೊಬ್ಬನಿದ್ದ. ಅವನ ಬದುಕು ನಿಂತಿದ್ದುದು ಗಂಟಲಿನ ಮೇಲೆ. ಆದ್ದರಿಂದ ಒಂದು ಕಟ್ಟುಪಾಡು ಹಾಕಿಕೊಂಡಿದ್ದ. ಆಟದ ದಿನ ಬೆಳಗ್ಗೆ ಎದ್ದ ಹೊತ್ತಿನಿಂದ ಮೈಕು ಆನ್ ಆಗುವವರೆಗೆ ಅವನು ಮಾತಾಡುತ್ತಿರಲಿಲ್ಲ. ಮಗಳು ಹುಟ್ಟಿದ ದಿನವೂ ಆಟವಿತ್ತು. ಸುದ್ದಿ ತಂದವನಿಗೆ ತಲೆಯಾಡಿಸಿ ಕಳಿಸಿದ್ದ. ಹತ್ತೊಂಬತ್ತು ವರ್ಷ ಈ ಕಟ್ಟುಪಾಡು ಮುರಿದಿರಲಿಲ್ಲ.

ಒಮ್ಮೆ ದೊಡ್ಡ ಪಂದ್ಯಾವಳಿಯ ಫೈನಲ್ ಇತ್ತು. ಆಟ ನಾಲ್ಕು ಗಂಟೆಗೆ. ಅವನು ಹನ್ನೊಂದಕ್ಕೇ ಮೈದಾನಕ್ಕೆ ಬಂದ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಚೀಟಿ ಬರೆದ. ಹೆಸರು, ಊರು, ಹಿಡಿತದ ಬಗೆ. ಅಂಕಣದ ಗೆರೆಗಳನ್ನು ಹೆಜ್ಜೆ ಹಾಕಿ ಅಳೆದ. ಎದುರು ಬಂದವರೆಲ್ಲ ನಮಸ್ಕರಿಸಿದರು. ಎಲ್ಲರಿಗೂ ತಲೆಯಾಡಿಸಿದ. ನಂತರ ತನ್ನ ಕೋಣೆಗೆ ಹೋಗಿ ಲವಂಗ ಬಾಯಿಗೆ ಹಾಕಿಕೊಂಡು ಕುಳಿತ.

ಎರಡೂವರೆಗೆ ಆಟಗಾರನೊಬ್ಬ ಬಾಗಿಲಲ್ಲಿ ನಿಂತ. ಹಿಂದಿನ ದಿನ ಸೆಮಿಫೈನಲಿನಲ್ಲಿ ಸೋತ ತಂಡದವನು. ಆಟದ ಕೊನೆಯ ದಾಳಿ ಅವನದೇ ಆಗಿತ್ತು. ಒಬ್ಬನನ್ನು ಮುಟ್ಟಿ ನಡುಗೆರೆಗೆ ಮರಳುವಷ್ಟರಲ್ಲಿ ಉಸಿರು ಕಡಿಯಿತೆಂದು ತೀರ್ಪುಗಾರ ಸೀಟಿ ಊದಿದ್ದ. ಒಂದೇ ಅಂಕದಲ್ಲಿ ತಂಡ ಸೋತಿತ್ತು.

"ಸರ, ನಮ್ಮವರು ನಾ ಬೇಕಂತ ಉಸಿರು ಬಿಟ್ಟೆ ಅಂತಾರ. ಆಟ ಮಾರಿಕೊಂಡಿ ಅಂತಾರ. ಮೂರಕ್ಕ ನಮ್ಮ ಬಸ್ಸು. ಗೆರಿ ಹತ್ರ ಇಟ್ಟಿದ್ದ ಮೈಕಿನ ದನಿ ನಿಮ್ಮ ಕಿವಿಗೇ ಬರತಿತ್ತು. ನನ್ನ ಉಸಿರು ಕಡದಿತ್ತೇನ್ರೀ?"

ಕಡಿದಿರಲಿಲ್ಲ. ಅದು ವಿವರಣೆಗಾರನಿಗೆ ಗೊತ್ತಿತ್ತು. 'ಕಬಡ್ಡಿ, ಕಬಡ್ಡಿ' ಎಂಬ ದನಿ ಗೆರೆ ದಾಟುವವರೆಗೂ ಅವನ ಕಿವಿಯಲ್ಲಿತ್ತು. ಜನರ ಕೂಗಿನಲ್ಲಿ ತೀರ್ಪುಗಾರನಿಗೆ ಅದು ಕೇಳಿಸಿರಲಿಲ್ಲ. ಆದರೂ ಸೀಟಿ ಕೇಳಿದೊಡನೆ ಇವನೂ ರೇಡಿಯೊದಲ್ಲಿ ಔಟ್ ಎಂದೇ ಹೇಳಿದ್ದ.

ಅವನು ಇಲ್ಲವೆಂದು ತಲೆಯಾಡಿಸಿದ.

ಆಟಗಾರನ ಮುಖ ಅರಳಿತು. ಹೊರಗೆ ನಿಂತಿದ್ದ ತನ್ನ ತಂಡದವರತ್ತ ತಿರುಗಿದ. ಅವರು ನಕ್ಕರು.

"ಲೇ, ಅಂವ ಎಲ್ಲಾರಿಗೂ ತಲಿ ಆಡಸ್ತಾನ. ಈಗಷ್ಟ ಚಾ ಮಾರಾಂವಗೂ ಆಡಿಸಿದ. ಬಾಯಿಬಿಟ್ಟು ಹೇಳಲಿ, ನಿನ್ನ ಕಾಲಿಗೆ ಬೀಳ್ತೀವಿ."

"ಒಂದ ಮಾತು ಸರ. 'ಇಲ್ಲ' ಅಂದ್ರ ಸಾಕು."

ವಿವರಣೆಗಾರನ ನಾಲಗೆ ಅಲುಗಿತು. ಗಂಟಲು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ಹತ್ತೊಂಬತ್ತು ವರ್ಷ ನೆನಪಾಯಿತು. ಆಗ ಅವನಿಗೊಂದು ಒಳ್ಳೆಯ ಯೋಚನೆ ಹೊಳೆಯಿತು. ಇಲ್ಲಿ ಹೇಳಿದರೆ ಕೇಳುವವರು ಹತ್ತು ಜನ. ರೇಡಿಯೊದಲ್ಲಿ ಹೇಳಿದರೆ ನಾಡೇ ಕೇಳುತ್ತದೆ. ಖಾಲಿ ಚೀಟಿಯೊಂದರ ಮೇಲೆ, 'ನಾಲ್ಕು ಗಂಟೆಗೆ ಹೇಳುತ್ತೇನೆ' ಎಂದು ಬರೆದು ಕೊಟ್ಟ.

ಆಟಗಾರ ಅದನ್ನು ಎರಡು ಸಲ ಓದಿದ. ಮಡಚಿಕೊಂಡು ಮೆಟ್ಟಿಲಿಳಿದ.

ನಾಲ್ಕಕ್ಕೆ ಮೈಕು ಆನ್ ಆಯಿತು. ಅವನು ಕೊಟ್ಟ ಮಾತು ಉಳಿಸಿಕೊಂಡ. ನಮಸ್ಕಾರ ಹೇಳುವ ಮೊದಲೇ ಆಟಗಾರನ ಹೆಸರು ಹಿಡಿದು, ನಿನ್ನೆ ಅವನ ಉಸಿರು ಕಡಿದಿರಲಿಲ್ಲ, ಔಟ್ ಎಂದದ್ದು ತನ್ನದೂ ತಪ್ಪು ಎಂದ. ಅಂದು ಅವನ ದನಿ ಗಂಟೆಯಂತಿತ್ತು.

ಬಸ್ಸಿನಲ್ಲಿ ಡ್ರೈವರ್ ರೇಡಿಯೊ ಹಾಕಿದ್ದ. ತಂಡದವರೆಲ್ಲ ಕೇಳಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬ ಎದ್ದು ಹೋಗಿ ಬಸ್ಸು ತಿರುಗಿಸೆಂದು ಡ್ರೈವರಿಗೆ ಹೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆ ಆಟಗಾರನೂ ಕೇಳಿದನಲ್ಲವೇ?" ಎಂದ ಶಿಷ್ಯ.

"ಅವನನ್ನು ಅರ್ಧ ಗಂಟೆ ಮುಂಚೆಯೇ ಹೊಳೆಯ ಸೇತುವೆಯ ಹತ್ತಿರ ಬೈದು ಇಳಿಸಿಬಿಟ್ಟಿದ್ದರು. ತಿರುಗಿ ಬಂದಾಗ ಸೇತುವೆಯ ಮೇಲೆ ಅವನ ಚೀಲ ಮಾತ್ರ ಸಿಕ್ಕಿತು. ಮೂರು ದಿನ ಹೊಳೆಯಲ್ಲಿ ಹುಡುಕಿದರು. ವಿವರಣೆಗಾರನೂ ದಡದಲ್ಲಿ ಓಡಾಡಿ ಹೆಸರು ಹಿಡಿದು ಕೂಗಿದ. ಎರಡನೆಯ ದಿನಕ್ಕೇ ಅವನ ಗಂಟಲು ಕಟ್ಟಿತು. ಕಟ್ಟಿದ್ದು ಮತ್ತೆ ಬಿಡಲಿಲ್ಲ."

ಶಿಷ್ಯ ನಿಟ್ಟುಸಿರಿಟ್ಟ. "ಪಾಪ, ಅವನಿಗೆ ಮೌನದ ಅರ್ಥ ತಿಳಿದಿರಲಿಲ್ಲ" ಎಂದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಈ ಇಪ್ಪತ್ತೊಂದು ದಿನದಲ್ಲಿ ನಿನ್ನ ಬಾಗಿಲಿಗೆ ಬಂದು ಹಾಗೇ ಹೋದವರು ಯಾರು?"