ಅಲುಗದಪ್ಪನ ದಿಣ್ಣೆ

ಹೆದ್ದಾರಿಯಿಂದ ಎರಡು ಮೈಲಿ ಒಳಗೆ ಬಂದರೆ ಬೋಳು ದಿಣ್ಣೆಯ ಮೇಲೊಂದು ಚರ್ಚು, ಅದರ ನೆತ್ತಿಯಲ್ಲಿ ಸೂಜಿಯಂಥ ಗೋಪುರ. ನಿಂತಲ್ಲಿ ನಿಲ್ಲದ ನನ್ನ ಕಾಲು ಎಷ್ಟೋ ದೇಶಗಳ ಚರ್ಚುಗಳನ್ನು ಸುತ್ತಿದೆ. ಗೋಪುರ ಎಲ್ಲಿದ್ದರೂ ಕತ್ತೆತ್ತಿಸುತ್ತದೆ, ಅದರ ಕಸುಬೇ ಅದು. ಇಲ್ಲಿ ಮಾತ್ರ ಬಂದವರೆಲ್ಲ ಬಾಗಿಲ ಪಕ್ಕದ ಗೋಡೆಯಲ್ಲಿರುವ ಒಂದು ಹಳೆಯ ಫೋಟೋವನ್ನು ಬಗ್ಗಿ ನೋಡುತ್ತಾರೆ. ಅದರ ಕಥೆ ಹೇಳಿದವರು ಚರ್ಚಿನ ಬೀಗದಕೈ ಇಟ್ಟುಕೊಂಡಿರುವ ರೀತಮ್ಮನವರು.

ಹಿಂದೆ ಒಮ್ಮೆ, ಗೋಪುರ ಕಟ್ಟಿ ಮುಗಿದ ವರ್ಷವೇ, ಊರಿಗೆ ಕಾಲರಾ ಬಂತಂತೆ. ಊರ ಯಜಮಾನ ಇನ್ನಾಸಪ್ಪನ ಇಬ್ಬರು ಗಂಡುಮಕ್ಕಳೂ ಒಂದೇ ವಾರದಲ್ಲಿ ಮಣ್ಣಾದರು. ಗೋಪುರದ ತುದಿ ಸತ್ತವರಿಗೆ ಮೋಕ್ಷದ ದಾರಿ ತೋರುವ ಬೆರಳು ಎಂದು ಪಾದ್ರಿಗಳು ಹೇಳಿದ್ದರು. ಆ ಮಾತನ್ನು ಹಿಡಿದುಕೊಂಡೇ ಆ ತಂದೆ ಉಸಿರಾಡುತ್ತಿದ್ದ ಎನ್ನುತ್ತಾರೆ. ಅಂಥ ಹೊತ್ತಿನಲ್ಲಿ ಗೋಪುರದ ಚಿತ್ರ ತೆಗೆಯಲು ಪಟ್ಟಣದಿಂದ ಫೋಟೋದವನು ಬಂದ. ಅದನ್ನು ಕಟ್ಟಿದ ಮೇಸ್ತ್ರಿ ಚೌರಪ್ಪನನ್ನು ಬುಡದಲ್ಲಿ ನಿಲ್ಲಿಸಿ, ಇಪ್ಪತ್ತು ಎಣಿಸುವುದರೊಳಗೆ ಅಲುಗಿದರೆ ಚಿತ್ರದಲ್ಲಿ ಮುಖ ಮಸುಕಾಗಿ ಹೊಗೆಯಾಗಿಬಿಡುತ್ತದೆ ಎಂದು ಎಚ್ಚರಿಸಿದ. ಚರ್ಚಿನ ಅಡಿಗಲ್ಲಿನ ಮೇಲೆ ಪಾದ್ರಿಗಳ ಹೆಸರಿತ್ತು, ದಾನಿಗಳ ಹೆಸರಿತ್ತು. ಚೌರಪ್ಪನಿಗೆ ಸಿಗಬಹುದಾದ ಗುರುತು ಇದೊಂದೇ.

ಯಜಮಾನನೆಂಬ ಮರ್ಯಾದೆಗೆ ಇನ್ನಾಸಪ್ಪನಿಗೆ ಮೊದಲು ಕ್ಯಾಮೆರಾದ ಕರಿಬಟ್ಟೆಯೊಳಗೆ ಇಣುಕಲು ಬಿಟ್ಟರು. ಅದರ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಗೋಪುರ ಪಾತಾಳಕ್ಕೆ ಬೊಟ್ಟು ಮಾಡಿ ನಿಂತಿತ್ತು. ಹೊರಬಂದವನು ಕೂಗಾಡಲಿಲ್ಲ. "ಮೇಸ್ತ್ರಿ ನಮ್ಮ ಮಕ್ಕಳನ್ನ ನರಕಕ್ಕೆ ಕಳಿಸವ್ನೆ ಕಣ್ರಪ್ಪಾ. ಗಾಜು ಸುಳ್ಳು ಹೇಳಕಿಲ್ಲ" ಎಂದ, ಅಷ್ಟೆ. ಆ ವರ್ಷ ಹೆಣ ಹೊರದ ಮನೆಯೇ ಊರಲ್ಲಿರಲಿಲ್ಲ.

ಇತ್ತ ಫೋಟೋದವನು ಕ್ಯಾಮೆರಾ ಕಣ್ಣಿನ ಮುಚ್ಚಳ ತೆಗೆದು ಗಟ್ಟಿಯಾಗಿ ಎಣಿಸತೊಡಗಿದ್ದ. ಐದಕ್ಕೆ ಜನರ ನಡುವಿನಿಂದ ಬಂದ ಮೊದಲ ಕಲ್ಲು ಚೌರಪ್ಪನ ಹಣೆ ಒಡೆಯಿತು. ಎಂಟಕ್ಕೆ ದವಡೆ ಮುರಿಯಿತು. ಹನ್ನೆರಡಕ್ಕೆ ಅವನದೇ ಹಾರೆ ಅವನ ಪಕ್ಕೆಗೆ ಇಳಿಯಿತು. "ಓಡೋ ಚೌರ, ಚಿತ್ರ ಹಾಳಾಗ್ಲಿ" ಎಂದು ಅವನ ಅಕ್ಕ ಅರಚಿದಳು. ಅವನು ತನ್ನ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದ. ಫೋಟೋದವನ ಬಾಯಿ ಹೆದರಿಕೆಯಲ್ಲೂ ರೂಢಿಯಂತೆ ಎಣಿಸುತ್ತಲೇ ಹೋಯಿತು. ಇಪ್ಪತ್ತೆಂದು ಮುಚ್ಚಳ ಹಾಕಿದ ಮೇಲೆಯೇ ಮೇಸ್ತ್ರಿ ಕುಸಿದನಂತೆ, ಮತ್ತೆ ಏಳಲಿಲ್ಲ.

ತಿಂಗಳ ಮೇಲೆ ಚಿತ್ರ ಬಂತು. ಗೋಪುರ ನೆಟ್ಟಗೆ ಆಕಾಶಕ್ಕೇ ಮುಖ ಮಾಡಿತ್ತು. ಅದನ್ನು ನೋಡಿದ ಇನ್ನಾಸಪ್ಪ ಗೋಪುರದ ಅದೇ ಗೋಡೆಗೆ ತಲೆ ಚಚ್ಚಿಕೊಂಡು ಸತ್ತ ಎನ್ನುತ್ತಾರೆ. ಅಲುಗದೆ ನಿಂತ ಮೇಸ್ತ್ರಿಯಿಂದಾಗಿ ದಿಣ್ಣೆಗೆ ಅಂದಿನಿಂದ ಅಲುಗದಪ್ಪನ ದಿಣ್ಣೆಯೆಂದೇ ಹೆಸರು.

ಫೋಟೋದಲ್ಲಿ ಇಂದಿಗೂ ಗೋಪುರದ ಒಂದೊಂದು ಕಲ್ಲೂ ಸ್ಪಷ್ಟ, ಚೌರಪ್ಪನೂ ಸ್ಪಷ್ಟ. ಹೊಡೆದವರಲ್ಲಿ ಯಾರಿಗೂ ಮುಖವಿಲ್ಲ, ಬರೀ ಹೊಗೆ. ಆ ಹೊಗೆ ಯಾರದೆಂದು ನಾನು ಸುಮ್ಮನೆ ಕೇಳಿದೆ. ರೀತಮ್ಮನವರು ಸೆರಗಿನಿಂದ ಗಾಜು ಒರೆಸಿ, ಹಾರೆಯ ಪಕ್ಕದ ಒಂದು ಮಸುಕಿನ ಮೇಲೆ ಬೆರಳಿಟ್ಟರು.

"ಇದು ನಮ್ಮ ಮುತ್ತಾತ."