ಟಗರಿನ ಕೊರಳ ಗಂಟೆ

ಈಚೆ ದಡದ ಹುಲ್ಲೆಲ್ಲ ಮುಗಿದಿತ್ತು. ಮೇಲೆಲ್ಲೋ ಮಳೆಯಾಗಿ ಹಳ್ಳದ ನೀರು ಏರತೊಡಗಿತ್ತು. ಕುರಿಮಂದೆಯ ಮುಂದಾಳಾದ ಕೆಂಚನೆಂಬ ಟಗರು ನೀರಿನಂಚಿನಲ್ಲಿ ನಿಂತು ಗುಡುಗಿದ: "ಹೆದರಬೇಡಿ! ಎಲ್ಲರೂ ನನ್ನ ಹಿಂದೆ ಬನ್ನಿ!"

ಒಂದು ಕುರಿಯೂ ಅಲುಗಲಿಲ್ಲ. ಕೆಂಚನಿಗೆ ಮೈಯೆಲ್ಲ ಉರಿಯಿತು.

"ಇಂಥ ಪುಕ್ಕಲರನ್ನು ಕಟ್ಟಿಕೊಂಡು ನಾನೇನು ಮಾಡಲಿ?" ಎಂದು ಪಕ್ಕದಲ್ಲಿದ್ದ ಮುದಿ ಕುರಿ ಬೆಳ್ಳವ್ವನ ಮೇಲೆ ಹರಿಹಾಯ್ದ.

"ಅವರನ್ನು ಯಾಕೆ ಬೈಯುತ್ತೀಯಪ್ಪ? ಹಿಂದೆ ನಿಂತವರಿಗೆ ನಿನ್ನ ಮುಖ ಕಾಣುವುದಿಲ್ಲ. ಅವರು ನಡೆಯುವುದು ನಿನ್ನ ಕೊರಳ ಗಂಟೆ ಕೇಳಿಕೊಂಡು. ನೀನು 'ಹೆದರಬೇಡಿ' ಅಂದಾಗಿನಿಂದ ಅದು ಗಡಗಡ ನಡುಗುತ್ತಿದೆ."

ಕೆಂಚ ಉಸಿರು ಬಿಗಿಹಿಡಿದು ಆಲಿಸಿದ. ನಿಜವೇ. ಕೊರಳು ನೆಟ್ಟಗೆ ಮಾಡಿ, ಹೆಜ್ಜೆ ಊರಿ ಊರಿ ನೀರಿಗಿಳಿದ. ದಿನಾ ಮೇಯಲು ಹೊರಡುವಾಗಿನಂತೆಯೇ ಗಂಟೆ ನಿಧಾನಕ್ಕೆ ಠಣ್, ಠಣ್ ಎಂದಿತು. ಹಿಂದೆ ಒಂದು ಮರಿ ಇಳಿಯಿತು, ಅದರ ತಾಯಿ ಇಳಿಯಿತು, ಆಮೇಲೆ ಇಡೀ ಮಂದೆಯೇ ಇಳಿಯಿತು.

ಆಚೆ ದಡದಲ್ಲಿ ಮೈ ಕೊಡವುತ್ತ ಬೆಳ್ಳವ್ವ ಕೇಳಿದಳು: "ಹೆದರಿಕೆ ಹೋಯಿತೇನಪ್ಪ?"

"ಎಲ್ಲಿ ಹೋಗುತ್ತದವ್ವ? ಎದೆಯಲ್ಲೇ ಇತ್ತು," ಎಂದ ಕೆಂಚ. "ಕೊರಳಿನವರೆಗೆ ಬರಲು ಬಿಡಲಿಲ್ಲ, ಅಷ್ಟೆ."