ಹಸೆಮಣೆ ಏರೋಲ್ಲ ಅಂದ ಕಪ್ಪೆ

ಕಿವಿ ಇರೋರು ಕೇಳಿ. ಬಾಯಿ ಇರೋರು ಹೂಂ ಅನ್ನಿ.

ಒಂದು ಮರಳು ಹೊಲ. ಹೊಲದಲ್ಲಿ ಒಂದು ಕುಂಬಳಬಳ್ಳಿ. ಬಳ್ಳಿ ಕೆಳಗೆ ಒಂದು ಕಪ್ಪೆ. ಹೊಲದ ಒಡತಿ ಗಿರಿಯವ್ವ. ದಿನಾ ಪಾತ್ರೆ ತೊಳೆದ ನೀರನ್ನು ಬಳ್ಳಿಗೆ ಹಾಕೋಳು. ಕಪ್ಪೆಗೆ ಅದೇ ಕೆರೆ, ಅದೇ ಕಡಲು.

ಬೇಸಿಗೆ ಬಂತು. ಗಿರಿಯವ್ವ ನೀರು ಹಾಕಿದಳು. ಮರಳು ಗಟಗಟ ಕುಡಿದೇಬಿಟ್ಟಿತು. ಮೇಲೆ ಒಂದು ಹನಿಯೂ ಉಳೀಲಿಲ್ಲ. ಬಳ್ಳಿ ಬಾಡಿತು. ಕಪ್ಪೆ ಹೊಟ್ಟೆ ಒಣಗಿತು. ಒಣಗಿದ ಕಪ್ಪೆ ಬದುಕೋಲ್ಲ, ಮಕ್ಕಳೇ.

“ಮರಳೇ ಮರಳೇ, ನೀರು ಹಿಡಿದುಕೋ! ನನ್ನ ಹೊಟ್ಟೆ ಒಣಗಿದೆ!”

“ನಂದು ಜರಡಿ ಹೊಟ್ಟೆ ಕಣೇ. ಎಲ್ಲಾ ಸೋರಿ ಹೋಗುತ್ತೆ. ಕೆರೆ ತಳದ ಗೋಡುಮಣ್ಣು ಬಂದು ಬೆರೆತರೆ ಹಿಡೀತೀನಿ.”

ಕಪ್ಪೆ ಕೆರೆಗೆ ಕುಪ್ಪಳಿಸಿತು. ಒಣಗಿದ ಕೆರೆಯಲ್ಲಿ ಗೋಡು ಆರಾಮಾಗಿ ಮಲಗಿತ್ತು.

“ಗೋಡೇ ಗೋಡೇ, ಹೊಲಕ್ಕೆ ಬಾ! ಮರಳು ನೀರು ಹಿಡಿಯೋಲ್ಲ, ನನ್ನ ಹೊಟ್ಟೆ ಒಣಗಿದೆ!”

“ನಾನು ನಡೆದು ಬರಲಾ? ಗಾಡಿ ತಾ!” ಅಂತು ಗೋಡು. ಮೈತುಂಬ ಬಿರುಕು. ಜಂಬಕ್ಕೇನೂ ಕಮ್ಮಿ ಇಲ್ಲ.

“ಗಾಡಿಯೇ ಗಾಡಿಯೇ, ಗೋಡು ಹೊರು! ಗೋಡು ಬರೋಲ್ಲ, ಮರಳು ನೀರು ಹಿಡಿಯೋಲ್ಲ, ನನ್ನ ಹೊಟ್ಟೆ ಒಣಗಿದೆ!”

“ನಾನೊಬ್ಬನೇ ಉರುಳಲಾ? ಎತ್ತು ಬರಲಿ” ಅಂತು ಗಾಡಿ. ಅದಕ್ಕೆ ಮರದ ನೆರಳು ಬಿಟ್ಟು ಬರೋ ಮನಸ್ಸಿಲ್ಲ, ಅಷ್ಟೇ.

“ಎತ್ತೇ ಎತ್ತೇ, ಗಾಡಿ ಎಳಿ! ಗಾಡಿ ಕದಲೋಲ್ಲ, ಗೋಡು ಬರೋಲ್ಲ, ಮರಳು ನೀರು ಹಿಡಿಯೋಲ್ಲ, ನನ್ನ ಹೊಟ್ಟೆ ಒಣಗಿದೆ!”

“ಗೌಡರು ಹೇಳದೆ ನಾನು ಬಾಲವನ್ನೂ ಆಡಿಸೋಲ್ಲ” ಅಂತು ಎತ್ತು, ಬಾಲ ಆಡಿಸುತ್ತಾ.

ಊರಗೌಡರು ಕೆಂಚೇಗೌಡರು ಜಗಲಿ ಮೇಲೆ ಕಣ್ಣು ಮುಚ್ಚಿ ಊರಿನ ಚಿಂತೆ ಮಾಡ್ತಿದ್ದರು. ಚಿಂತೆ ಜೋರಾಗಿತ್ತು. ಗೊರಕೆ ಕೇಳಿಸ್ತಿತ್ತು.

“ಗೌಡರೇ ಗೌಡರೇ, ಎತ್ತಿಗೆ ಹೇಳಿ! ಎತ್ತು ಎಳೆಯೋಲ್ಲ, ಗಾಡಿ ಕದಲೋಲ್ಲ, ಗೋಡು ಬರೋಲ್ಲ, ಮರಳು ನೀರು ಹಿಡಿಯೋಲ್ಲ, ನನ್ನ ಹೊಟ್ಟೆ ಒಣಗಿದೆ!”

“ಅವಸರ ಯಾಕಮ್ಮ? ಮೊದಲು ಮಳೆ ಬರಲಿ. ಆಮೇಲೆ ಗೋಡು ಹೊಲಕ್ಕೆ ಹೊಡೆಸೋಣ.”

ಆಹಾ, ಏನು ಬುದ್ಧಿ! ಮಳೆ ಬಂದರೆ ಕೆರೆ ತುಂಬುತ್ತೆ. ಕೆರೆ ತುಂಬಿದರೆ ಗೋಡು ಮುಳುಗುತ್ತೆ. ಗೌಡರು ಈಜಿಕೊಂಡು ಹೋಗಿ ತರ್ತಾರೇನೋ! ಆ ಊರಲ್ಲಿ ವರ್ಷಾ ವರ್ಷಾ ಇದೇ ಕತೆ.

ಗೌಡರು ಕಪ್ಪೆಯನ್ನು ಸರಿಯಾಗಿ ನೋಡಿದರು. ಮುಖ ಅರಳಿತು.

“ಒಳ್ಳೇ ಹೊತ್ತಿಗೆ ಬಂದೆ! ಮಳೆ ಬರಲಿ ಅಂತ ಇವತ್ತು ಕಪ್ಪೆ ಮದುವೆ. ಗಂಡು ಸಿಕ್ಕಿದೆ. ಹೆಣ್ಣೇ ಸಿಕ್ಕಿರಲಿಲ್ಲ. ನೀನೇ ಮದುಮಗಳು!”

“ಹೊಟ್ಟೆ ಒಣಗಿದವಳು ಹಸೆಮಣೆ ಏರೋಲ್ಲ” ಅಂತು ಕಪ್ಪೆ. “ಮೊದಲು ಗೋಡು ಹೊಲಕ್ಕೆ ಬೀಳಲಿ.”

ಗೌಡರು ಬೆವರಿದರು. ಚಪ್ಪರ ಎದ್ದಿತ್ತು. ವಾಲಗದವರು ಬಂದಿದ್ದರು. ಪಾಯಸ ಕುದೀತಿತ್ತು. ಮದುವೆ ನಿಂತರೆ ಪಾಯಸದ ಗತಿ?

ಗೌಡರು ಎದ್ದರು! ಎತ್ತಿಗೆ ಹೇಳಿದರು. ಎತ್ತು ಗಾಡಿ ಎಳೆಯಿತು. ಗಾಡಿ ಗೋಡು ಹೊತ್ತಿತು. ಗೋಡು ಮರಳಿನ ಜೊತೆ ಬೆರೆಯಿತು. ಗಿರಿಯವ್ವ ಪಾತ್ರೆ ತೊಳೆದ ನೀರು ಹಾಕಿದಳು. ಮರಳು ನೀರು ಹಿಡಿಯಿತು. ಬಳ್ಳಿ ತಲೆ ಎತ್ತಿತು. ಕಪ್ಪೆ ಮತ್ತೆ ಬಳ್ಳಿ ಕೆಳಗೆ ಸೇರಿತು. ಹೊಟ್ಟೆ ತಣ್ಣಗಾಯಿತು.

ಮಳೆ? ಇನ್ನೂ ಒಂದು ಹನಿ ಬಿದ್ದಿರಲಿಲ್ಲ.

“ಬಾರಮ್ಮ, ಹೊತ್ತಾಯ್ತು. ಗಂಡಿನ ಮನೆಯವರು ಕಾಯ್ತಿದಾರೆ” ಅಂದರು ಹೊಲಕ್ಕೆ ಬಂದ ಗೌಡರು.

ಕಪ್ಪೆ ಎಲೆ ಕೆಳಗೆ ಇನ್ನಷ್ಟು ಒಳಗೆ ಸರಿದು ಕೂತಿತು.

“ಇಂಥ ತಂಪು ಮನೆ ಬಿಟ್ಟು ಯಾರು ಬರ್ತಾರೆ ಗೌಡರೇ? ಬೇಕಿದ್ರೆ ಗಂಡೇ ಇಲ್ಲಿಗೆ ಮನೆ ಅಳಿಯ ಆಗಿ ಬರಲಿ!”